ತಾಮ್ರದ ಹಿಡಿತ: ಕಿಣ್ವವನ್ನು ಅನುಕರಿಸುವ ಸಂಕೀರ್ಣಗಳು

ಉಸಿರಾಟದಲ್ಲಿ ದೇಹದೊಳಗೆ ಬಂದ ಆಮ್ಲಜನಕದ ಬಹುಪಾಲು ಜೀವಕೋಶಗಳ ಮೈಟೊಕಾಂಡ್ರಿಯಗಳಲ್ಲಿ ಅಣುವೊಂದಕ್ಕೆ ನಾಲ್ಕು ಎಲೆಕ್ಟ್ರಾನುಗಳಂತೆ ಪಡೆದು ಕೊನೆಗೆ ನೀರಾಗಿ ಪರಿಣಮಿಸುತ್ತದೆ. ಆದರೆ ಅಲ್ಲೊಂದು ಇಲ್ಲೊಂದು ಅಣು ನಾಲ್ಕು ಎಲೆಕ್ಟ್ರಾನುಗಳಿಗೆ ಕಾಯದೆ ಒಂದನ್ನೇ ಹಿಡಿದುಕೊಂಡು ನಡುದಾರಿಯಲ್ಲಿ ಕಳಚಿಕೊಳ್ಳುತ್ತದೆ. ಹೀಗೆ ಒಂಟಿ ಎಲೆಕ್ಟ್ರಾನನ್ನು ಹೊತ್ತ, ಋಣ ವಿದ್ಯುದಂಶವುಳ್ಳ ಆಮ್ಲಜನಕಕ್ಕೆ ಸೂಪರ್ ಆಕ್ಸೈಡ್ ಎಂದು ಹೆಸರು. ಹೆಸರಿನಲ್ಲಿರುವಷ್ಟು ಉಗ್ರತೆ ಅದಕ್ಕೆ ಸ್ವತಃ ಇಲ್ಲದಿದ್ದರೂ, ಕಬ್ಬಿಣ ಮತ್ತು ಗಂಧಕಗಳಿಂದ ಕೂಡಿದ ಕೆಲವು ಕಿಣ್ವಗಳನ್ನು ಕೆಡಿಸುವುದು, ಅವುಗಳಿಂದ ಕಬ್ಬಿಣವನ್ನು ಹೊರಗೆಡಹುವುದು, ಆ ಕಬ್ಬಿಣವು ಮುಂದೆ ಹೈಡ್ರೋಜನ್ ಪೆರಾಕ್ಸೈಡಿನೊಡನೆ ಸೇರಿ ಹೈಡ್ರಾಕ್ಸಿಲ್ ಎಂಬ ನಿಜವಾಗಿಯೂ ಕ್ರೂರವಾದ ಕಣವನ್ನು ಹುಟ್ಟಿಸುವುದು, ಈ ಸರಪಣಿಯ ಮೊದಲ ಕೊಂಡಿ ಸೂಪರ್ ಆಕ್ಸೈಡೇ ಆಗಿರುವುದರಿಂದ ಜೀವಕೋಶವು ಅದನ್ನು ಹುಟ್ಟಿದಲ್ಲಿಯೇ ನಿವಾರಿಸಲು ಏರ್ಪಾಡು ಮಾಡಿಕೊಂಡಿದೆ. ಆ ಏರ್ಪಾಡಿನ ಮುಖ್ಯ ಭಾಗವು ಸೂಪರ್ ಆಕ್ಸೈಡ್ ಡಿಸ್ಮ್ಯೂಟೇಸ್ ಎಂಬ ಕಿಣ್ವ. ಅದರ ಒಂದು ಪ್ರಭೇದದ ನಡುವೆ ಕೆಲಸ ಮಾಡುವುದು ತಾಮ್ರದ ಪರಮಾಣು. ಈ ತಾಮ್ರದ ಕೆಲಸವನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ಸಣ್ಣ ಅಣುಗಳಿಂದ ಮಾಡಿಸಬಹುದೇ, ಮಾಡಿಸಿದರೆ ಅದು ದೇಹದಲ್ಲಿ ನಡೆಯುತ್ತದೆಯೇ ಎಂಬುದು ಈ ಭಾಷಣದ ವಿಷಯ.

ಕಿಣ್ವವು ಕಣ್ಣಿಗೆ ಬಿದ್ದದ್ದು ಅದರ ಕೆಲಸ ತಿಳಿಯುವುದಕ್ಕೆ ಮೂರು ದಶಕಗಳ ಮೊದಲು. 1938ರಲ್ಲಿ ಕೇಂಬ್ರಿಜ್‌ನ ಮ್ಯಾನ್ ಮತ್ತು ಕೀಲಿನ್ ಎಂಬ ವಿಜ್ಞಾನಿಗಳು ದನದ ರಕ್ತದಿಂದ ನಸುನೀಲಿ ಬಣ್ಣದ, ತಾಮ್ರವುಳ್ಳ ಒಂದು ಪ್ರೋಟೀನನ್ನು ಬೇರ್ಪಡಿಸಿ ಅದಕ್ಕೆ ಹೀಮೊಕ್ಯುಪ್ರೀನ್ ಎಂದು ಹೆಸರಿಟ್ಟರು. ಅದು ಏನು ಮಾಡುತ್ತದೆಂದು ಯಾರಿಗೂ ತಿಳಿಯದಿದ್ದುದರಿಂದ, ಬಹುಶಃ ತಾಮ್ರವನ್ನು ಕೂಡಿಡುವ ಉಗ್ರಾಣವಿರಬೇಕೆಂಬ ಊಹೆಯಲ್ಲಿ ಅದು ಬಹುಕಾಲ ಉಳಿಯಿತು. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ಅರ್ವಿನ್ ಫ್ರಿಡೊವಿಚ್ ಅವರ ಮಾರ್ಗದರ್ಶನದಲ್ಲಿ ಸಂಶೋಧನೆ ನಡೆಸುತ್ತಿದ್ದ ಜೋ ಮೆಕ್‌ಕಾರ್ಡ್ ಎಂಬ ವಿದ್ಯಾರ್ಥಿ, ಸೂಪರ್ ಆಕ್ಸೈಡನ್ನು ಒಳಗೊಂಡ ಒಂದು ಕ್ರಿಯೆಯನ್ನು ಬೇರೆ ಕೆಲವು ಪ್ರೋಟೀನುಗಳ ಮಾದರಿಗಳು ತಡೆಯುವುದನ್ನು ಗಮನಿಸಿ, ತಡೆಯುತ್ತಿರುವುದು ಆ ಪ್ರೋಟೀನುಗಳಲ್ಲ, ಅವುಗಳಲ್ಲಿ ಕಲಬೆರಕೆಯಾಗಿ ಉಳಿದಿರುವ ಮತ್ತೊಂದು ವಸ್ತುವೆಂದು ಗುರುತಿಸಿದರು. ಆ ಕಲಬೆರಕೆಯನ್ನು ಬೆನ್ನಟ್ಟಿ ಶುದ್ಧೀಕರಿಸಿದಾಗ ಕೈಗೆ ಸಿಕ್ಕದ್ದು ಹಳೆಯ ನೀಲಿ ಪ್ರೋಟೀನೇ. 1969ರಲ್ಲಿ ಗುರುಶಿಷ್ಯರು ಪ್ರಕಟಿಸಿದ ಆ ಲೇಖನವು, ಉಗ್ರಾಣವೆಂದು ತಿಳಿದಿದ್ದ ವಸ್ತುವು ವಾಸ್ತವದಲ್ಲಿ ಕಾವಲುಗಾರನೆಂದು ತೋರಿಸಿತು.

ಕ್ರಿಯೆಯ ಬಗೆ ಸರಳವಾಗಿದೆ. ತಾಮ್ರವು ಎರಡು ಸ್ಥಿತಿಗಳಲ್ಲಿ ಸುಲಭವಾಗಿ ಇರಬಲ್ಲದು: ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕ್ಯುಪ್ರಿಕ್ ಸ್ಥಿತಿ, ಒಂದನ್ನು ಮಾತ್ರ ಕಳೆದುಕೊಂಡ ಕ್ಯುಪ್ರಸ್ ಸ್ಥಿತಿ. ಮೊದಲು ಬಂದ ಸೂಪರ್ ಆಕ್ಸೈಡ್ ತನ್ನ ಹೆಚ್ಚುವರಿ ಎಲೆಕ್ಟ್ರಾನನ್ನು ಕ್ಯುಪ್ರಿಕ್ ತಾಮ್ರಕ್ಕೆ ಒಪ್ಪಿಸಿ ಸಾಧಾರಣ ಆಮ್ಲಜನಕವಾಗಿ ಹೊರಟುಹೋಗುತ್ತದೆ. ಎರಡನೆಯದಾಗಿ ಬಂದ ಸೂಪರ್ ಆಕ್ಸೈಡ್ ಅದೇ ಎಲೆಕ್ಟ್ರಾನನ್ನು ಪಡೆದು, ಎರಡು ಪ್ರೋಟಾನುಗಳನ್ನೂ ಕೂಡಿಸಿಕೊಂಡು ಹೈಡ್ರೋಜನ್ ಪೆರಾಕ್ಸೈಡ್ ಆಗುತ್ತದೆ, ತಾಮ್ರ ಮೊದಲಿನ ಸ್ಥಿತಿಗೆ ಮರಳುತ್ತದೆ. ಒಂದೇ ವಸ್ತುವಿನ ಎರಡು ಅಣುಗಳಲ್ಲಿ ಒಂದು ಉತ್ಕರ್ಷಣಗೊಂಡು, ಅಂದರೆ ಎಲೆಕ್ಟ್ರಾನನ್ನು ಕಳೆದುಕೊಂಡು, ಇನ್ನೊಂದು ಅಪಕರ್ಷಣಗೊಂಡು, ಅಂದರೆ ಎಲೆಕ್ಟ್ರಾನನ್ನು ಪಡೆದು, ಬೇರೆಬೇರೆಯಾಗುವ ಈ ಕ್ರಿಯೆಗೆ ಡಿಸ್ಮ್ಯುಟೇಷನ್ ಎಂದು ಹೆಸರು. ಕಿಣ್ವದ ಹೆಸರು ಬಂದದ್ದೂ ಅದರಿಂದಲೇ. ಉಳಿದ ಪೆರಾಕ್ಸೈಡನ್ನು ನೀರು ಮಾಡುವ ಹೊಣೆ ಕ್ಯಾಟಲೇಸ್ ಮತ್ತು ಗ್ಲುಟಾಥಯೋನ್ ಪೆರಾಕ್ಸಿಡೇಸ್‌ಗಳಂತಹ ಬೇರೆ ಕಿಣ್ವಗಳದು, ಮತ್ತು ಈ ಸಂಗತಿಯನ್ನು ಮರೆತವರು ಮುಂದೆ ತೊಂದರೆಗೆ ಸಿಲುಕುತ್ತಾರೆ.

ಸೂಪರ್ ಆಕ್ಸೈಡ್ ತನ್ನಷ್ಟಕ್ಕೆ ತಾನೂ ನಾಶವಾಗುತ್ತದೆ. ಆದರೆ ದೇಹದ ಸಾಧಾರಣ ಪಿಎಚ್‌ನಲ್ಲಿ ಆ ತಾನಾದ ಕ್ರಿಯೆಗೂ ಕಿಣ್ವದ ಕ್ರಿಯೆಗೂ ವೇಗದಲ್ಲಿ ಸುಮಾರು ಹತ್ತು ಸಾವಿರ ಪಟ್ಟು ಅಂತರವಿದೆ. ಕಿಣ್ವದ ದರವು ಪ್ರತಿ ಮೋಲಾರ್ ಸಾಂದ್ರತೆಗೆ, ಪ್ರತಿ ಸೆಕೆಂಡಿಗೆ ಸುಮಾರು 200 ಕೋಟಿ ಎಂಬ ಅಂಕೆಯನ್ನು ಮುಟ್ಟುತ್ತದೆ. ಎರಡು ಅಣುಗಳು ನೀರಿನಲ್ಲಿ ಅಲೆದಾಡಿ ಒಂದನ್ನೊಂದು ಸಂಧಿಸುವುದಕ್ಕೆ ಬೇಕಾದ ಕಾಲವನ್ನು ಬಿಟ್ಟರೆ ಬೇರೆ ತಡವೇ ಇಲ್ಲವೆಂದು ಇದರ ಅರ್ಥ. ಈ ವೇಗದ ಗುಟ್ಟು ತಾಮ್ರದಲ್ಲಿ ಮಾತ್ರವಿಲ್ಲ. ತಾಮ್ರದ ಸುತ್ತ ನಾಲ್ಕು ಹಿಸ್ಟಿಡಿನ್ ಎಂಬ ಅಮೈನೋ ಆಮ್ಲಗಳು ತಮ್ಮ ಸಾರಜನಕದಿಂದ ಅದನ್ನು ಹಿಡಿದಿವೆ, ಅವುಗಳಲ್ಲಿ ಒಂದು ಹಿಸ್ಟಿಡಿನ್ ಇನ್ನೊಂದು ಬದಿಯಲ್ಲಿ ಸುಮಾರು 0.6 ನ್ಯಾನೋಮೀಟರ್ ದೂರದಲ್ಲಿರುವ ಸತುವಿನ ಪರಮಾಣುವನ್ನೂ ಹಿಡಿದು ಎರಡಕ್ಕೂ ಸೇತುವೆಯಾಗಿದೆ, ತಾಮ್ರದ ಬಳಿಗೆ ಹೋಗುವ ಕಿರಿದಾದ ಕಣಿವೆಯ ಗೋಡೆಗಳಲ್ಲಿ ಧನ ವಿದ್ಯುದಂಶವುಳ್ಳ ಅಮೈನೋ ಆಮ್ಲಗಳು ಋಣ ವಿದ್ಯುದಂಶದ ಸೂಪರ್ ಆಕ್ಸೈಡನ್ನು ಒಳಕ್ಕೆ ಸೆಳೆಯುತ್ತವೆ. ಈ ಸೆಳೆತ ಊಹೆಯಲ್ಲ: 1992ರಲ್ಲಿ ಎಲಿಜಬೆತ್ ಗೆಟ್ಜಾಫ್ ಮತ್ತು ಸಂಗಡಿಗರು ಕಣಿವೆಯ ಬಾಯಿಯಲ್ಲಿದ್ದ ಋಣ ವಿದ್ಯುದಂಶದ ಅಮೈನೋ ಆಮ್ಲವನ್ನು ಬದಲಿಸಿ, ಮೊದಲೇ ಅತಿ ವೇಗದ್ದಾಗಿದ್ದ ಕಿಣ್ವವನ್ನು ಇನ್ನೂ ವೇಗಗೊಳಿಸಿ ತೋರಿಸಿದರು.

ಎರಡು ಸ್ಥಿತಿಗಳ ನಡುವೆ ಓಡಾಡುವಾಗ ತಾಮ್ರ ತನ್ನ ಕೂರುವ ಭಂಗಿಯನ್ನೂ ಬದಲಿಸಬೇಕಾಗುತ್ತದೆ ಎಂಬುದನ್ನು ಇಲ್ಲಿ ವಿವರಿಸದೆ ಮುಂದೆ ಹೋಗುವಂತಿಲ್ಲ. ಕ್ಯುಪ್ರಿಕ್ ತಾಮ್ರಕ್ಕೆ ನಾಲ್ಕು ಸಂಗಾತಿಗಳು ಒಂದು ಚೌಕದ ನಾಲ್ಕು ಮೂಲೆಗಳಲ್ಲಿ, ಒಂದೇ ಸಮತಲದಲ್ಲಿ ಕುಳಿತಿರುವುದು ಇಷ್ಟ. ಕ್ಯುಪ್ರಸ್ ತಾಮ್ರಕ್ಕೆ ಅವು ಚತುರ್ಮುಖಿಯ ತುದಿಗಳಂತೆ ಎಲ್ಲ ದಿಕ್ಕಿಗೂ ಚದುರಿರುವುದು ಇಲ್ಲವೇ ಮೂರೇ ಆಗಿರುವುದು ಇಷ್ಟ. ಚೌಕದ ಭಂಗಿಯಲ್ಲಿ ಗಟ್ಟಿಯಾಗಿ ಕಟ್ಟಿಹಾಕಿದ ತಾಮ್ರವು ಎಲೆಕ್ಟ್ರಾನನ್ನು ಪಡೆಯಲು ಹಿಂಜರಿಯುತ್ತದೆ, ಚತುರ್ಮುಖಿಯ ಭಂಗಿಯಲ್ಲಿ ಕಟ್ಟಿಹಾಕಿದ್ದು ಪಡೆದದ್ದನ್ನು ಬಿಟ್ಟುಕೊಡಲು ಹಿಂಜರಿಯುತ್ತದೆ. ಕಿಣ್ವವು ಎರಡಕ್ಕೂ ನಡುವಿನ, ಸ್ವಲ್ಪ ತಿರುಚಿದ ಭಂಗಿಯಲ್ಲಿ ತಾಮ್ರವನ್ನು ಇರಿಸಿ, ಎಲೆಕ್ಟ್ರಾನ್ ಬಂದ ಕ್ಷಣ ಸೇತುವೆಯ ಹಿಸ್ಟಿಡಿನ್ ತಾಮ್ರದ ಕೈಬಿಟ್ಟು ಸತುವಿನ ಬಳಿ ಉಳಿಯುವಂತೆ ಮಾಡಿ ಈ ತಾಪತ್ರಯವನ್ನು ಬಗೆಹರಿಸಿಕೊಂಡಿದೆ. ಎಲೆಕ್ಟ್ರಾನನ್ನು ಪಡೆಯುವ ಒಲವನ್ನು ವೋಲ್ಟುಗಳಲ್ಲಿ ಅಳೆಯುವ ಪದ್ಧತಿಯಂತೆ, ಸೂಪರ್ ಆಕ್ಸೈಡಿನಿಂದ ಎಲೆಕ್ಟ್ರಾನನ್ನು ಕೀಳಬಲ್ಲ, ಮತ್ತೊಂದು ಸೂಪರ್ ಆಕ್ಸೈಡಿಗೆ ಅದನ್ನು ಕೊಡಬಲ್ಲ ವಸ್ತುವಿನ ವಿಭವವು ಸುಮಾರು ಋಣ 0.16 ಮತ್ತು ಧನ 0.9 ವೋಲ್ಟುಗಳ ನಡುವೆ ಇರಬೇಕು, ಮಧ್ಯದಲ್ಲಿದ್ದರೆ ಎರಡೂ ಕೆಲಸ ಸಮನಾಗಿ ಸಾಗುತ್ತವೆ. ಕಿಣ್ವದ ತಾಮ್ರ ಇರುವುದು ಹೆಚ್ಚುಕಡಿಮೆ ಆ ಮಧ್ಯದಲ್ಲಿಯೇ, 0.3 ವೋಲ್ಟಿನ ಆಸುಪಾಸಿನಲ್ಲಿ.

ಇಷ್ಟು ಒಳ್ಳೆಯ ಕಿಣ್ವವಿರುವಾಗ ಅದನ್ನೇ ಔಷಧವಾಗಿ ಕೊಡಬಾರದೇಕೆ ಎಂಬ ಪ್ರಶ್ನೆ ಸಹಜ. ಕೊಟ್ಟು ನೋಡಲಾಗಿದೆ. ದನದ ಅಂಗಾಂಶಗಳಿಂದ ತೆಗೆದ ಕಿಣ್ವವು ಆರ್ಗೋಟೀನ್ ಎಂಬ ಹೆಸರಿನಲ್ಲಿ ಕೀಲುಗಳ ಉರಿಯೂತಕ್ಕೆ ಚುಚ್ಚುಮದ್ದಾಗಿ ಬಂದಿತು. ಆದರೆ ಸುಮಾರು 32,000 ಅಣುತೂಕದ ಪ್ರೋಟೀನು ಜೀವಕೋಶದ ಪೊರೆಯನ್ನು ದಾಟಿ ಒಳಹೋಗುವುದು ಕಷ್ಟ, ರಕ್ತಕ್ಕೆ ಸೇರಿದರೆ ನಿಮಿಷಗಳಲ್ಲಿ ಮೂತ್ರಪಿಂಡಗಳು ಅದನ್ನು ಸೋಸಿ ಹಾಕುತ್ತವೆ, ಪರಪ್ರಾಣಿಯ ಪ್ರೋಟೀನಾದ್ದರಿಂದ ಕೆಲವರಿಗೆ ಒಗ್ಗದಿಕೆಯೂ ಉಂಟಾಗುತ್ತದೆ. ಬಾಯಲ್ಲಿ ನುಂಗಿದರೆ ಹೊಟ್ಟೆಯು ಅದನ್ನು ಬೇಳೆಯ ಪ್ರೋಟೀನಿನಂತೆಯೇ ಜೀರ್ಣಿಸಿಬಿಡುತ್ತದೆ. ಪೊರೆಯನ್ನು ದಾಟಬಲ್ಲ, ಸಾವಿರಕ್ಕೂ ಕಡಿಮೆ ಅಣುತೂಕದ ತಾಮ್ರದ ಸಂಯುಕ್ತವೊಂದಿದ್ದರೆ ಸಾಕೆಂಬ ಆಸೆ ಹುಟ್ಟಿದ್ದು ಈ ಕಾರಣಗಳಿಂದ.

ರಸಾಯನಶಾಸ್ತ್ರದಲ್ಲಿ ಸಂಕೀರ್ಣ ಎಂಬ ಮಾತಿಗೆ ಖಚಿತವಾದ ಅರ್ಥವಿದೆ: ನಡುವೆ ಒಂದು ಲೋಹದ ಪರಮಾಣು, ಅದರ ಸುತ್ತ ತಮ್ಮ ಎಲೆಕ್ಟ್ರಾನ್ ಜೋಡಿಗಳನ್ನು ಅದಕ್ಕೆ ನೀಡಿ ಹಿಡಿದುಕೊಂಡಿರುವ ಅಣುಗಳು. ಹಿಡಿದುಕೊಂಡಿರುವ ಅಣುವನ್ನು ಲಿಗ್ಯಾಂಡ್ ಎನ್ನುತ್ತಾರೆ. ಮೈಲುತುತ್ತದ ನೀಲಿ ಬಣ್ಣವೂ ತಾಮ್ರದ ಸುತ್ತ ನೀರಿನ ಅಣುಗಳು ಲಿಗ್ಯಾಂಡಾಗಿ ನಿಂತದ್ದರ ಫಲ. ತಾಮ್ರದ ಸುತ್ತ ಯಾವ ಲಿಗ್ಯಾಂಡನ್ನು ಇರಿಸಬೇಕೆಂಬುದರಲ್ಲಿಯೇ ಅನುಕರಣೆಯ ಕಲೆಯೆಲ್ಲ ಅಡಗಿದೆ.

ಈ ಕಲೆಯಲ್ಲಿ ಎರಡು ಸಂಪ್ರದಾಯಗಳು ಬೆಳೆದವು. ಒಂದು, ಕಿಣ್ವದ ರೂಪವನ್ನೇ ಬಿಡಿಸಿ ತೋರಿಸುವ ಸಂಪ್ರದಾಯ: 1970ರ ದಶಕದಲ್ಲಿ ಸ್ಟೀಫನ್ ಲಿಪರ್ಡ್ ಮತ್ತು ಅವರ ಬಳಗದವರು ಎರಡು ತಾಮ್ರಗಳ ನಡುವೆ ಹಿಸ್ಟಿಡಿನ್ನಿನ ಉಂಗುರದಂತಹುದೇ ಆದ ಇಮಿಡಜೋಲೇಟ್ ಸೇತುವೆಯನ್ನು ಕಟ್ಟಿದ ಸಂಕೀರ್ಣಗಳನ್ನು ತಯಾರಿಸಿದರು, ಇಂಥವುಗಳಿಂದ ಕಿಣ್ವದೊಳಗಿನ ಸೇತುವೆಯ ನಡವಳಿಕೆ ತಿಳಿಯಿತೇ ಹೊರತು ಔಷಧವಾಗಬೇಕೆಂಬ ಹಟ ಅವುಗಳಿಗಿರಲಿಲ್ಲ. ಇನ್ನೊಂದು, ರೂಪ ಹೇಗಾದರೂ ಇರಲಿ, ಕೆಲಸ ನಡೆದರೆ ಸಾಕೆಂಬ ಸಂಪ್ರದಾಯ. ಇದರ ಮುಂದಾಳು ಅಮೆರಿಕದ ಜಾನ್ ಸೊರೆನ್‌ಸನ್. ಆಸ್ಪಿರಿನ್ ಮತ್ತು ಸ್ಯಾಲಿಸಿಲೇಟುಗಳಂತಹ ಉರಿಯೂತನಾಶಕಗಳು ದೇಹದಲ್ಲಿ ತಾಮ್ರದೊಡನೆ ಸೇರಿ ಆಗುವ ಸಂಕೀರ್ಣಗಳೇ ವಾಸ್ತವವಾಗಿ ಕೆಲಸ ಮಾಡುವ ರೂಪವಿರಬಹುದೆಂದು ಅವರು 1976ರಲ್ಲಿ ಸೂಚಿಸಿದರು. ಅದೇ ವರ್ಷ ಬೇರೊಂದು ತಂಡವು ತಾಮ್ರದ ಸ್ಯಾಲಿಸಿಲೇಟುಗಳು ಸೂಪರ್ ಆಕ್ಸೈಡನ್ನು ನಿವಾರಿಸುತ್ತವೆಂದು ಅಳೆದು ತೋರಿಸಿತು. ಅದಕ್ಕೂ ಮೊದಲೇ ಜರ್ಮನಿಯ ವೈದ್ಯ ವರ್ನರ್ ಹಂಗಾರ್ಟರ್ ಸಂಧಿವಾತದ ರೋಗಿಗಳಿಗೆ ತಾಮ್ರ ಮತ್ತು ಸ್ಯಾಲಿಸಿಲೇಟ್ ಕೂಡಿದ ಚುಚ್ಚುಮದ್ದನ್ನು ವರ್ಷಗಳ ಕಾಲ ನೀಡಿದ್ದರು. ಇಂಡೊಮೆಥಾಸಿನ್ ಎಂಬ ನೋವುನಿವಾರಕದ ತಾಮ್ರ ಸಂಕೀರ್ಣವು ಆಸ್ಟ್ರೇಲಿಯದಲ್ಲಿ ಕುದುರೆ, ನಾಯಿಗಳ ಔಷಧವಾಗಿ ಮಾರುಕಟ್ಟೆಗೂ ಬಂದಿತು.

ಇಷ್ಟರಲ್ಲಿ ಒಂದು ಮುಜುಗರದ ಸಂಗತಿ ಬೆಳಕಿಗೆ ಬಂದಿತ್ತು. ಯಾವ ಲಿಗ್ಯಾಂಡಿನ ಹಂಗೂ ಇಲ್ಲದೆ, ಬರೀ ನೀರಿನಲ್ಲಿ ಕರಗಿದ ತಾಮ್ರದ ಅಯಾನು ಸೂಪರ್ ಆಕ್ಸೈಡನ್ನು ನಿವಾರಿಸುವ ದರವು ಕಿಣ್ವದ ದರಕ್ಕಿಂತಲೂ ಹೆಚ್ಚು. ಅಂದರೆ ಕಿಣ್ವದ ಕ್ರಿಯೆಯನ್ನು ಅನುಕರಿಸುವುದು ಒಂದು ಸಾಧನೆಯೇ ಅಲ್ಲ, ಮೈಲುತುತ್ತವೂ ಅದನ್ನು ಮಾಡುತ್ತದೆ. ಕಿಣ್ವದ ಹಿರಿಮೆಯಿರುವುದು ತಾಮ್ರವನ್ನು ಬಿಡದೆ ಹಿಡಿದುಕೊಂಡೇ ಅದರಿಂದ ಕೆಲಸ ತೆಗೆಯುವುದರಲ್ಲಿ. ಅನುಕರಣೆಯ ಸಂಕೀರ್ಣಗಳ ಸಾಹಿತ್ಯವನ್ನು ಓದುವವರು ಈ ಭೇದವನ್ನು ಕೈಯಲ್ಲಿ ಹಿಡಿದುಕೊಂಡೇ ಓದಬೇಕಾಗುತ್ತದೆ, ಏಕೆಂದರೆ ಸಂಕೀರ್ಣದಿಂದ ತಾಮ್ರ ಸ್ವಲ್ಪ ಸೋರಿದರೂ ಅಳತೆಯಲ್ಲಿ ಅದು ಸಂಕೀರ್ಣದ ಯಶಸ್ಸೆಂದೇ ದಾಖಲಾಗುತ್ತದೆ.

ತಾಮ್ರ ಸೋರಿದರೇನು ಎಂದು ಕೇಳಬಹುದಾದವರಿಗೆ ಹಿಂದಿನ ಅಡುಗೆಮನೆಗಳಲ್ಲಿಯೇ ಉತ್ತರವಿದೆ. ತಾಮ್ರ, ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕಿಸದೆ ಅದರಲ್ಲಿ ಹುಳಿ ಕುದಿಸುತ್ತಿರಲಿಲ್ಲ, ಮಜ್ಜಿಗೆ ಇಡುತ್ತಿರಲಿಲ್ಲ, ಕಿಲುಬು ಹತ್ತಿದ ಅಡುಗೆಯನ್ನು ಉಣ್ಣುತ್ತಿರಲಿಲ್ಲ. ಹುಳಿಗೆ ಕರಗಿ ಹೊರಬಂದ ತಾಮ್ರವು ವಾಂತಿ ತರಿಸುತ್ತದೆಂಬ ಅನುಭವ ಆ ಎಚ್ಚರದ ಹಿಂದಿತ್ತು. ಜೀವಕೋಶದ ಎಚ್ಚರ ಇದಕ್ಕೂ ಬಿಗಿಯಾದದ್ದು. ವಯಸ್ಕರ ದೇಹದಲ್ಲಿ ಇರುವ ಒಟ್ಟು ತಾಮ್ರ ಸುಮಾರು 100 ಮಿಲಿಗ್ರಾಂ. ಅದರಲ್ಲಿ ಹೆಚ್ಚುಕಡಿಮೆ ಎಲ್ಲವೂ ಯಾವುದಾದರೊಂದು ಪ್ರೋಟೀನಿನ ಹಿಡಿತದಲ್ಲಿದೆ. 1999ರಲ್ಲಿ ಥಾಮಸ್ ಒ’ಹ್ಯಾಲೊರನ್ ಮತ್ತು ಸಹೋದ್ಯೋಗಿಗಳು ಯೀಸ್ಟ್ ಕೋಶಗಳಲ್ಲಿ ನಡೆಸಿದ ಅಧ್ಯಯನದಲ್ಲಿ, ಹಿಡಿತವಿಲ್ಲದ ಬಿಡಿ ತಾಮ್ರವು ಇಡೀ ಕೋಶಕ್ಕೆ ಒಂದು ಪರಮಾಣುವಿಗಿಂತಲೂ ಕಡಿಮೆಯೆಂದು ಲೆಕ್ಕ ಸಿಕ್ಕಿತು; ಡಿಸ್ಮ್ಯೂಟೇಸ್ ಕಿಣ್ವಕ್ಕೆ ತಾಮ್ರವನ್ನು ತಂದು ಕೊಡುವುದಕ್ಕೆಂದೇ ಪ್ರತ್ಯೇಕವಾದ ಒಂದು ವಾಹಕ ಪ್ರೋಟೀನಿದೆ. ಬಿಡಿ ತಾಮ್ರಕ್ಕೆ ಇಷ್ಟೊಂದು ಭಯಪಡುವುದಕ್ಕೆ ಕಾರಣವಿದೆ: ಕ್ಯುಪ್ರಸ್ ತಾಮ್ರವು ಹೈಡ್ರೋಜನ್ ಪೆರಾಕ್ಸೈಡಿಗೆ ಎಲೆಕ್ಟ್ರಾನನ್ನು ಕೊಟ್ಟರೆ, ಕಬ್ಬಿಣದಂತೆಯೇ ಅದೂ ಹೈಡ್ರಾಕ್ಸಿಲ್ ಕಣವನ್ನು ಹುಟ್ಟಿಸುತ್ತದೆ. ಹೀಗೆ ಒಂದೇ ಲೋಹ, ಹಿಡಿತದಲ್ಲಿದ್ದಾಗ ಕಾವಲುಗಾರ, ಹಿಡಿತ ತಪ್ಪಿದರೆ ಕಳ್ಳ. 1979ರಲ್ಲಿ ಡೇವಿಡ್ ಸಿಗ್ಮನ್ ಅವರ ತಂಡವು ಫಿನಾಂತ್ರೊಲಿನ್ ಎಂಬ ಲಿಗ್ಯಾಂಡಿನ ತಾಮ್ರ ಸಂಕೀರ್ಣವು ಡಿಎನ್ಎಯನ್ನು ಕತ್ತರಿಸುವುದನ್ನು ಕಂಡಿತು, ಮೆಕ್ಸಿಕೋದಲ್ಲಿ ಲೆನಾ ರೂಯಿಜ್-ಅಜುವಾರಾ ಅವರ ಬಳಗವು ಅದೇ ಜಾತಿಯ ಸಂಕೀರ್ಣಗಳನ್ನು ಕ್ಯಾಸಿಯೋಪೀನಾಗಳೆಂಬ ಹೆಸರಿನಲ್ಲಿ ಕ್ಯಾನ್ಸರ್ ವಿರುದ್ಧ ಬೆಳೆಸಿತು. ಪ್ರಯೋಗನಳಿಕೆಯಲ್ಲಿ ಸೂಪರ್ ಆಕ್ಸೈಡ್ ನಿವಾರಕವೆಂದು ಹೊಗಳಿಸಿಕೊಂಡ ಸಂಕೀರ್ಣವು ಕೋಶದಲ್ಲಿ ಉತ್ಕರ್ಷಣವನ್ನು ಹೆಚ್ಚಿಸಿ ಕೋಶವನ್ನೇ ಕೊಲ್ಲುವುದೂ ಉಂಟು.

ಅಳತೆಯ ವಿಧಾನವೂ ಈ ಗೊಂದಲಕ್ಕೆ ತನ್ನ ಪಾಲನ್ನು ಸೇರಿಸಿದೆ. ಹೆಚ್ಚಾಗಿ ಬಳಕೆಯಲ್ಲಿರುವುದು ನೈಟ್ರೊಬ್ಲೂ ಟೆಟ್ರಜೋಲಿಯಂ ಎಂಬ ಹಳದಿ ಬಣ್ಣದ ವಸ್ತುವಿನ ಪರೀಕ್ಷೆ: ಸೂಪರ್ ಆಕ್ಸೈಡ್ ಅದನ್ನು ಕಡುನೀಲಿ ಫಾರ್ಮಜಾನ್ ಆಗಿಸುತ್ತದೆ, ನಿವಾರಕ ವಸ್ತುವನ್ನು ಸೇರಿಸಿದರೆ ನೀಲಿ ಕಡಿಮೆಯಾಗುತ್ತದೆ, ನೀಲಿಯು ಅರ್ಧಕ್ಕಿಳಿಯಲು ಬೇಕಾದ ಸಾಂದ್ರತೆಯನ್ನು ಆ ವಸ್ತುವಿನ ಸಾಮರ್ಥ್ಯವೆಂದು ಬರೆಯುತ್ತಾರೆ. ಅಗ್ಗವಾದ, ಸುಲಭವಾದ ಪರೀಕ್ಷೆಯಿದು. ಆದರೆ ಸಂಕೀರ್ಣವು ಸೂಪರ್ ಆಕ್ಸೈಡನ್ನು ಮುಟ್ಟದೆ ಅದನ್ನು ತಯಾರಿಸುವ ಕಿಣ್ವವನ್ನೇ ತಡೆದರೂ, ಇಲ್ಲವೇ ಬಣ್ಣದ ವಸ್ತುವಿನೊಡನೆ ನೇರವಾಗಿ ವರ್ತಿಸಿದರೂ ನೀಲಿ ಕಡಿಮೆಯಾಗಿಯೇ ತೋರುತ್ತದೆ. ಇದಕ್ಕಿಂತ ನಂಬಲರ್ಹವಾದದ್ದು ಪಲ್ಸ್ ರೇಡಿಯೊಲಿಸಿಸ್ ಎಂಬ ವಿಧಾನ, ಅಂದರೆ ವೇಗದ ಎಲೆಕ್ಟ್ರಾನುಗಳ ಕ್ಷಣಮಾತ್ರದ ಒಂದು ಹೊಡೆತದಿಂದ ನೀರಿನಲ್ಲಿ ಸೂಪರ್ ಆಕ್ಸೈಡನ್ನು ಹುಟ್ಟಿಸಿ, ಅದು ಕರಗುವುದನ್ನು ನೇರಳಾತೀತ ಬೆಳಕಿನಲ್ಲಿ ನೇರವಾಗಿ ಗಮನಿಸುವುದು.

ಭಾರತದಲ್ಲಿ ಈ ಸೌಲಭ್ಯವಿರುವ ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದಿಂದಲೇ ಒಂದು ಸ್ವಾರಸ್ಯದ ಉದಾಹರಣೆ ಬಂದಿದೆ. ಅಲ್ಲಿನ ಇಂದಿರಾ ಪ್ರಿಯದರ್ಶಿನಿ ಮತ್ತು ಸಂಗಡಿಗರು ಅರಿಸಿನದ ಹಳದಿ ಬಣ್ಣಕ್ಕೆ ಕಾರಣವಾದ ಕರ್ಕ್ಯುಮಿನ್ ಎಂಬ ವಸ್ತುವನ್ನೇ ಲಿಗ್ಯಾಂಡಾಗಿ ಬಳಸಿ ತಾಮ್ರದ ಸಂಕೀರ್ಣವನ್ನು ತಯಾರಿಸಿ, ಅದು ಸೂಪರ್ ಆಕ್ಸೈಡನ್ನು ನಿವಾರಿಸುತ್ತದೆಂದು 2005ರಲ್ಲಿ ವರದಿ ಮಾಡಿದರು. ಮುಂದೆ ಅವರು ಒಂದು ತಾಮ್ರಕ್ಕೆ ಒಂದು ಕರ್ಕ್ಯುಮಿನ್ ಇರುವ ಸಂಕೀರ್ಣವನ್ನೂ ಒಂದು ತಾಮ್ರಕ್ಕೆ ಎರಡು ಕರ್ಕ್ಯುಮಿನ್ ಇರುವುದನ್ನೂ ಹೋಲಿಸಿದಾಗ, ತಾಮ್ರವನ್ನು ಎರಡು ಬದಿಯಿಂದಲೂ ಸಮತಲದಲ್ಲಿ ಬಿಗಿಹಿಡಿದ ಎರಡನೆಯದು ಎಲೆಕ್ಟ್ರಾನನ್ನು ಪಡೆದು ಮತ್ತೆ ಮೊದಲಿನಂತಾಗಲಾರದೆ ಸೋತಿತು. ತಿರುಚಿದ ಭಂಗಿಯ ಮೊದಲನೆಯದು ಆ ಓಡಾಟವನ್ನು ತಾಳಿಕೊಂಡಿತು. ಕಿಣ್ವದ ತಿರುಚಿದ ಭಂಗಿಯ ಬಗ್ಗೆ ಮೇಲೆ ಹೇಳಿದ ಮಾತಿಗೆ ಇಷ್ಟು ಚೊಕ್ಕವಾದ ಸಾಕ್ಷಿ ಬೇರೆ ಸಿಗುವುದು ಕಷ್ಟ. ಹಾಗೆಂದು ತಾಮ್ರದ ಚೊಂಬಿನಲ್ಲಿ ಅರಿಸಿನದ ನೀರನ್ನು ಇರಿಸಿ ಕುಡಿದರೆ ಇದೇ ಸಂಕೀರ್ಣ ಹೊಟ್ಟೆಗೆ ಸಿಗುತ್ತದೆಂದು ಯಾರೂ ತಿಳಿಯಬಾರದು. ಸಂಧಿವಾತಕ್ಕೆ ತೊಡುವ ತಾಮ್ರದ ಕಡಗದ ಬಗ್ಗೆ ಇಂಗ್ಲೆಂಡಿನಲ್ಲಿ 70 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಕ್ರಮಬದ್ಧ ಪರೀಕ್ಷೆಯಲ್ಲಿಯೂ ನೋವು, ಉರಿಯೂತಗಳ ಮೇಲೆ ಗಮನಾರ್ಹ ಪರಿಣಾಮವೇನೂ ಕಾಣಲಿಲ್ಲ.

ಸಂಕೀರ್ಣವು ರಕ್ತಕ್ಕಿಳಿದಾಗ ಅದರ ನಿಜವಾದ ಪರೀಕ್ಷೆ ಆರಂಭವಾಗುತ್ತದೆ. ರಕ್ತದಲ್ಲಿ ಅತಿ ಹೆಚ್ಚಾಗಿರುವ ಆಲ್ಬುಮಿನ್ ಎಂಬ ಪ್ರೋಟೀನಿನ ಮೊದಲ ತುದಿಯಲ್ಲಿ, ಮೂರನೆಯ ಸ್ಥಾನದಲ್ಲಿರುವ ಹಿಸ್ಟಿಡಿನ್ ಮತ್ತು ಅದರ ನೆರೆಯ ಸಾರಜನಕಗಳು ಸೇರಿ ತಾಮ್ರಕ್ಕೆಂದೇ ಒಂದು ಗೂಡನ್ನು ರಚಿಸಿವೆ. ಸಡಿಲವಾದ ಸಂಕೀರ್ಣ ಎದುರಾದರೆ ಆಲ್ಬುಮಿನ್ ಅದರ ತಾಮ್ರವನ್ನು ಕಿತ್ತುಕೊಂಡು ತನ್ನ ಗೂಡಿನಲ್ಲಿಟ್ಟುಕೊಳ್ಳುತ್ತದೆ, ಆ ಗೂಡಿನ ಚೌಕದ ಭಂಗಿಯಲ್ಲಿ ಸಿಕ್ಕಿಬಿದ್ದ ತಾಮ್ರ ಸೂಪರ್ ಆಕ್ಸೈಡಿನ ಕಡೆಗೆ ತಿರುಗಿಯೂ ನೋಡುವುದಿಲ್ಲ. ಸ್ಯಾಲಿಸಿಲೇಟುಗಳ ಸಂಕೀರ್ಣಗಳಿಗೆ ಒದಗಿದ ಗತಿ ಇದೇ: ತಾಮ್ರವನ್ನು ಸೆಳೆಯುವ ಇಡಿಟಿಎ ಎಂಬ ವಸ್ತುವನ್ನೋ ಆಲ್ಬುಮಿನ್ನನ್ನೋ ಸೇರಿಸಿದೊಡನೆ ಅವುಗಳ ಚಟುವಟಿಕೆ ಕುಸಿಯಿತು. ಹಾಗಾಗಿ ಲಿಗ್ಯಾಂಡಿಗೆ ಎರಡು ಗುಣಗಳು ಒಟ್ಟಿಗೆ ಬೇಕು; ತಾಮ್ರ ಜಾರದಷ್ಟು ಬಿಗಿ, ಭಂಗಿ ಬದಲಿಸುವಷ್ಟು ಸಡಿಲ. ಇವೆರಡೂ ಒಂದಕ್ಕೊಂದು ಎದುರಾದವು ಎಂಬುದೇ ಇಡೀ ಕ್ಷೇತ್ರದ ಕಷ್ಟ. ಜರ್ಮನಿಯ ಉಲ್ರಿಚ್ ವೇಸರ್ ಅವರ ತಂಡವು 1980ರ ದಶಕದಲ್ಲಿ ಇದಕ್ಕೆ ಜಾಣ ದಾರಿಯೊಂದನ್ನು ಹುಡುಕಿತು. ಪಿರಿಡೀನ್ ಉಂಗುರವುಳ್ಳ ಆಲ್ಡಿಹೈಡಿನ ಎರಡು ಅಣುಗಳನ್ನು ನಾಲ್ಕು ಇಂಗಾಲಗಳ ಉದ್ದದ ಪುಟ್ರೆಸಿನ್ ಎಂಬ ಅಮೈನಿನ ಎರಡು ತುದಿಗಳಿಗೆ ಬೆಸೆದು ಅವರು ಒಂದು ಲಿಗ್ಯಾಂಡನ್ನು ಪಡೆದರು. ಆಲ್ಡಿಹೈಡ್ ಮತ್ತು ಅಮೈನುಗಳು ನೀರನ್ನು ಕಳೆದುಕೊಂಡು ಬೆಸೆದಾಗ ಆಗುವ ಇಂಥ ಅಣುಗಳಿಗೆ, 1864ರಲ್ಲಿ ಅವನ್ನು ವರ್ಣಿಸಿದ ಹ್ಯೂಗೊ ಷಿಫ್ ಅವರ ಹೆಸರಿನಿಂದ ಷಿಫ್ ಬೇಸ್ ಎನ್ನುತ್ತಾರೆ. ನಾಲ್ಕು ಸಾರಜನಕಗಳು ತಾಮ್ರವನ್ನು ಹಿಡಿದಿರುವುದರಿಂದ ಬಿಗಿ ಬಂದಿತು, ನಡುವಿನ ಉದ್ದನೆಯ ಸರಪಣಿ ಬಳುಕುವುದರಿಂದ ಚೌಕದಿಂದ ಚತುರ್ಮುಖಿಗೆ ತಿರುಗುವ ಅವಕಾಶವೂ ಉಳಿಯಿತು.

ತಾಮ್ರದ ಈ ಕಷ್ಟವನ್ನು ಕಂಡು ಕೆಲವರು ಬೇರೆ ಲೋಹಗಳ ಕಡೆಗೆ ಹೊರಳಿದ್ದಾರೆ. ಮೈಟೊಕಾಂಡ್ರಿಯದ ಡಿಸ್ಮ್ಯೂಟೇಸಿನಲ್ಲಿ ಇರುವುದು ಮ್ಯಾಂಗನೀಸ್, ಮತ್ತು ಅದು ಸೋರಿದರೂ ತಾಮ್ರದಷ್ಟು ಅಪಾಯಕಾರಿಯಲ್ಲ. ಆದ್ದರಿಂದ ಮನುಷ್ಯರ ಮೇಲಿನ ಪರೀಕ್ಷೆಗಳಲ್ಲಿ ಹೆಚ್ಚು ದೂರ ಸಾಗಿದ್ದು ಮ್ಯಾಂಗನೀಸ್ ಸಂಕೀರ್ಣಗಳೇ. ವಿಕಿರಣ ಚಿಕಿತ್ಸೆಯಿಂದ ಬಾಯಲ್ಲಿ ಆಗುವ ಹುಣ್ಣುಗಳಿಗೆಂದು ತಯಾರಾದ ಅವಾಸೊಪಾಸೆಮ್ ಎಂಬ ಅಂಥ ಔಷಧಕ್ಕೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2023ರಲ್ಲಿ ಒಪ್ಪಿಗೆ ನೀಡಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಜಿ. ಮುಗೇಶ್ ಅವರ ತಂಡವು ಸಂಕೀರ್ಣಗಳನ್ನು ದಾಟಿ ಲೋಹದ ಆಕ್ಸೈಡುಗಳ ಅತಿಸೂಕ್ಷ್ಮ ಕಣಗಳಿಂದಲೇ ಕಿಣ್ವದ ಕೆಲಸವನ್ನು ಮಾಡಿಸುವ ದಾರಿ ಹಿಡಿದು, ವನೇಡಿಯಂ ಆಕ್ಸೈಡಿನ ನ್ಯಾನೋತಂತಿಗಳು ಗ್ಲುಟಾಥಯೋನ್ ಪೆರಾಕ್ಸಿಡೇಸನ್ನು ಅನುಕರಿಸಿ ಪೆರಾಕ್ಸೈಡನ್ನು ನಿವಾರಿಸುತ್ತವೆಂದು 2014ರಲ್ಲಿ ತೋರಿಸಿತು. ಸೂಪರ್ ಆಕ್ಸೈಡನ್ನು ಮಾತ್ರ ನಿವಾರಿಸಿ ಪೆರಾಕ್ಸೈಡನ್ನು ಗುಡ್ಡೆಹಾಕುವ ಸಂಕೀರ್ಣವು ಅರ್ಧ ಕೆಲಸವನ್ನು ಮಾಡಿದಂತೆಯೇ ಸರಿ ಎಂಬ ಅರಿವು ಇಂಥ ಪ್ರಯತ್ನಗಳಿಂದ ಬಲಗೊಂಡಿದೆ.

ಷಿಫ್ ಬೇಸುಗಳ ತಾಮ್ರ ಸಂಕೀರ್ಣಗಳು ಕರ್ನಾಟಕದವೂ ಸೇರಿದಂತೆ ಭಾರತದ ವಿಶ್ವವಿದ್ಯಾಲಯಗಳ ರಸಾಯನಶಾಸ್ತ್ರ ವಿಭಾಗಗಳಲ್ಲಿ ಬಹುಕಾಲದಿಂದ ಸಂಶೋಧನೆಗೆ ಪ್ರಿಯವಾದ ವಿಷಯ. ತಯಾರಿಕೆ ಸುಲಭ, ಹರಳುಗಳು ಚೆನ್ನಾಗಿ ಬರುತ್ತವೆ, ನೀಲಿ ಬಣ್ಣದ ಪರೀಕ್ಷೆಗೆ ಒಂದು ವರ್ಣಮಾಪಕ ಸಾಕು. ಹೀಗಾಗಿ ಸೂಪರ್ ಆಕ್ಸೈಡನ್ನು ನಿವಾರಿಸುವುದೆಂದು ಹೇಳಿಕೊಳ್ಳುವ ಸಂಕೀರ್ಣಗಳ ಪಟ್ಟಿ ಪ್ರತಿವರ್ಷ ಉದ್ದವಾಗುತ್ತಲೇ ಇದೆ. ಈ ಕೆಲಸದಲ್ಲಿ ತೊಡಗಿರುವ ತರುಣ ಸಂಶೋಧಕರು ಅದೇ ಪರೀಕ್ಷೆಯನ್ನು ಒಮ್ಮೆ ಆಲ್ಬುಮಿನ್ ಬೆರೆಸಿ, ಒಮ್ಮೆ ಇಡಿಟಿಎ ಬೆರೆಸಿ ಪುನಃ ನಡೆಸಿ, ಬಂದ ಅಂಕೆಗಳನ್ನು, ಅವು ನಿರಾಶೆ ತರುವಂಥವಾದರೂ, ಮೊದಲಿನ ಅಂಕೆಗಳ ಪಕ್ಕದಲ್ಲಿಯೇ ಅಚ್ಚು ಹಾಕಿಸಬೇಕು. ಇದಕ್ಕೆ ತಗಲುವುದು ಒಂದು ಮಧ್ಯಾಹ್ನದ ಕೆಲಸ ಮಾತ್ರ.